ಇರುಳಿನ ಕಾಡುದಾರಿಯಲ್ಲಿ ಒಬ್ಬರೇ ಸೈಕಲ್ ತುಳಿಯುವವರಿಗೆ: ಹೆದರಿಕೆಯನ್ನು ನಿಭಾಯಿಸುವ ಬಗೆ

ರಾತ್ರಿ ಕಾಡಿನ ದಾರಿಯಲ್ಲಿ ಒಬ್ಬರೇ ಸೈಕಲ್ ತುಳಿಯುವವರಿಗೆ ಹೆದರಿಕೆ ಹತ್ತುವುದು ತುಳಿಯುವಾಗಲ್ಲ, ನಿಂತಾಗ. ಸಾಗುತ್ತಿರುವಷ್ಟು ಹೊತ್ತು ಟೈರಿನಡಿ ಜಲ್ಲಿ ಸರಿಯುವ ಸದ್ದು, ಚೈನಿನ ಕಟಕಟ, ಸವಾರರದೇ ಏದುಸಿರು ಇವೆಲ್ಲ ಸೇರಿ ಸುತ್ತ ಒಂದು ಗೋಡೆ ಕಟ್ಟಿರುತ್ತವೆ. ನೀರು ಕುಡಿಯಲೆಂದೋ ಅಡ್ಡ ಬಿದ್ದ ಕೊಂಬೆಯನ್ನು ಸರಿಸಲೆಂದೋ ಕಾಲು ಕೆಳಗಿಟ್ಟ ಕೂಡಲೇ ಆ ಗೋಡೆ ಕುಸಿಯುತ್ತದೆ. ಜೀರುಂಡೆಗಳ ಕೂಗಿನ ನಡುವೆ ಎಲ್ಲೋ ದರಕಿನ (ಉದುರಿದ ಒಣ ಎಲೆಗಳ) ಮೇಲೆ ಏನೋ ನಡೆದ ಸಪ್ಪಳ ಕೇಳುತ್ತದೆ. ಬಾಟಲಿಯ ಮುಚ್ಚಳವನ್ನು ಅರ್ಧಕ್ಕೇ ತಿರುಗಿಸಿ ಓಟಕ್ಕೆ ನಿಲ್ಲುವುದು ಆಗಲೇ. ಬೀಳುವುದೂ ಬಹುಮಟ್ಟಿಗೆ ಅದರ ಮುಂದಿನ ತಿರುವಿನಲ್ಲೇ.

ಶಿರಸಿ, ಸಿದ್ದಾಪುರ ಭಾಗದ ಬೆಟ್ಟದ ದಾರಿಗಳಲ್ಲಿ ಕೆಲವು ವರ್ಷ ಹೀಗೆ ಓಡಾಡಿದ ಮೇಲೆ ನನಗೆ ತಿಳಿದದ್ದು ಇಷ್ಟು. ಕತ್ತಲಲ್ಲಿ ಹುಟ್ಟುವ ಹೆದರಿಕೆಯಲ್ಲಿ ಒಂದು ಪಾಲು ಸರಿಯಾದ ಎಚ್ಚರಿಕೆ. ಉಳಿದದ್ದು ಕಣ್ಣು ಕಿವಿಗಳ ಲೆಕ್ಕ ತಪ್ಪಿದ್ದರಿಂದ ಬಂದದ್ದು. ಎರಡನ್ನೂ ಒಟ್ಟಿಗೆ ಅದುಮಲು ಹೋದವರು ಒಂದಲ್ಲ ಒಂದು ದಿನ ಅಪಾಯಕ್ಕೆ ಸಿಲುಕುತ್ತಾರೆ, ಎರಡಕ್ಕೂ ಒಟ್ಟಿಗೆ ಮಣಿದವರು ಮನೆಯಲ್ಲೇ ಉಳಿಯುತ್ತಾರೆ. ಇವೆರಡನ್ನು ಬೇರೆ ಮಾಡಲು ಕಲಿಯುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಸ್ಕಾಟ್ಲೆಂಡಿನಲ್ಲಿ ಜನವರಿಯ ಚಳಿಯಲ್ಲಿ ನಡೆಯುವ ಸ್ಟ್ರಾತ್‌ಪಫರ್ ಎಂಬ 24 ಗಂಟೆಗಳ ಸೈಕಲ್ ಸ್ಪರ್ಧೆಯಲ್ಲಿ ಸುಮಾರು 17 ಗಂಟೆ ಕತ್ತಲಿರುತ್ತದೆ. ಆ ನಾಡಿನಲ್ಲಿ ತೋಳವಾಗಲಿ ಕರಡಿಯಾಗಲಿ ಉಳಿದಿಲ್ಲವಾದ್ದರಿಂದ ಅಲ್ಲಿನ ಸವಾರರಿಗೆ ಹೆದರಿಕೆಯ ಎರಡನೆಯ ಪಾಲು ಮಾತ್ರ ಇರುತ್ತದೆ. ನಮಗೆ ಎರಡೂ ಇವೆ. ಹಾಗಾಗಿ ಪರದೇಶದ ಸವಾರರು ಕೊಡುವ ಸಲಹೆಗಳನ್ನು ನಮ್ಮ ಕಾಡಿಗೆ ಹಾಗೆಯೇ ತರಲಾಗುವುದಿಲ್ಲ.

ದಾರಿ ಯಾವುದು ಎಂಬುದು ಮೊದಲು

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳೊಳಗೆ ಅನುಮತಿಯಿಲ್ಲದೆ ಕಾಲಿಡುವಂತಿಲ್ಲ. ಬಂಡೀಪುರದ ನಡುವೆ ಹಾದುಹೋಗುವ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಗಿನ 6 ಗಂಟೆಯವರೆಗೆ ವಾಹನ ಸಂಚಾರಕ್ಕೆ 2009ರಲ್ಲೇ ನಿರ್ಬಂಧ ಬಂದಿತು. ಆ ಹೊತ್ತು ಪ್ರಾಣಿಗಳದ್ದು ಎಂಬುದೇ ಅದರ ಹಿಂದಿನ ಕಾರಣ. ಅನುಮತಿಯಿಲ್ಲದೆ ಕಾಲಿಡುವಂತಿಲ್ಲ ಎಂಬ ಮಾತು ಕಾಳಿ ಹುಲಿ ಸಂರಕ್ಷಿತ ಪ್ರದೇಶಕ್ಕೂ ಸಲ್ಲುತ್ತದೆ. ಕಾನೂನಿನ ತಡೆ ಇಲ್ಲದಿದ್ದರೂ ಆನೆಗಳ ಓಡಾಟವಿರುವ ಸಕಲೇಶಪುರ, ಆಲೂರು ಮತ್ತು ಕೊಡಗಿನ ಕಾಫಿ ತೋಟಗಳ ದಾರಿಗಳನ್ನು ರಾತ್ರಿಯ ಸೈಕಲ್ಲಿಗೆ ಆರಿಸಿಕೊಳ್ಳಬಾರದು. ಏರುದಾರಿಯಲ್ಲಿ ಗಂಟೆಗೆ 8 ಕಿ.ಮೀ. ಸಾಗುವ ಸೈಕಲ್ ಎಲ್ಲಿ, 20 ಕಿ.ಮೀ.ಗಿಂತ ಹೆಚ್ಚು ವೇಗದಲ್ಲಿ ಓಡಬಲ್ಲ ಆನೆ ಎಲ್ಲಿ! ಅಂಥ ಕಡೆ ಹೆದರಿಕೆಯನ್ನು ಗೆಲ್ಲುವ ವಿದ್ಯೆ ಯಾರಿಗೂ ಬೇಡ, ಹೋಗದಿರುವ ವಿವೇಕ ಸಾಕು.

ಉತ್ತರ ಕನ್ನಡದ ಮೇಲ್ಘಟ್ಟದಲ್ಲಿ ಅಡಿಕೆ ತೋಟಕ್ಕೆ ಸೊಪ್ಪು, ದರಕು ತರಲೆಂದು ತೋಟಿಗರಿಗೆ ಬ್ರಿಟಿಷರ ಕಾಲದಿಂದ ಬಿಟ್ಟುಕೊಟ್ಟ ಸೊಪ್ಪಿನ ಬೆಟ್ಟಗಳಿವೆ. ಮನೆಯಿಂದ ತೋಟಕ್ಕೆ, ತೋಟದಿಂದ ಬೆಟ್ಟಕ್ಕೆ, ಬೆಟ್ಟದ ಬೆನ್ನೇರಿ ಆಚೆಯ ಊರಿಗೆ ಹೋಗುವ ಗಾಡಿದಾರಿಗಳು ಇವುಗಳಲ್ಲಿ ಹಾದುಹೋಗುತ್ತವೆ. ಎರಡು ಕಡೆ ಮರ, ಒಂದೆರಡು ಕಿ.ಮೀ.ಗೊಂದು ಮನೆ, ನಡುನಡುವೆ ದಟ್ಟವಾದ ಕಾನಿನ ತುಣುಕು. ಮೊದಲ ಅಭ್ಯಾಸಕ್ಕೆ ಇಷ್ಟು ಕಾಡು ಧಾರಾಳವಾಯಿತು. ಬೆಟ್ಟದ ಹಕ್ಕಿರುವ ಮನೆಯವರನ್ನೂ ಅರಣ್ಯ ಇಲಾಖೆಯ ಸ್ಥಳೀಯ ಸಿಬ್ಬಂದಿಯನ್ನೂ ಮೊದಲೇ ಕೇಳಿಕೊಂಡಿರಬೇಕು. ಕೇಳಿದರೆ ಆ ವಾರ ಎಲ್ಲಿ ಏನು ಓಡಾಡಿದೆ ಎಂಬ ಸುದ್ದಿಯೂ ಬಿಟ್ಟಿಯಾಗಿ ಸಿಗುತ್ತದೆ.

ನಾಲ್ಕೈದು ಕಿ.ಮೀ.ಗಳ ಒಂದೇ ಒಂದು ಸುತ್ತನ್ನು ಆರಿಸಿಕೊಂಡು ಹಗಲಿನಲ್ಲಿ ಕಡಿಮೆಯೆಂದರೆ ಹತ್ತು ಸಲ ತುಳಿಯಬೇಕು. ಸಂಕ (ಹಳ್ಳಕ್ಕೆ ಹಾಕಿದ ಕಾಲುಸೇತುವೆ) ಎಲ್ಲಿದೆ, ದಣಪೆ (ಬೇಲಿಯ ನಡುವಿನ ಗೇಟು) ಎಲ್ಲಿದೆ, ದರೆ (ದಾರಿಬದಿಯ ಮಣ್ಣಿನ ದಿಬ್ಬ) ಜರಿದು ದಾರಿ ಕಿರಿದಾದದ್ದು ಎಲ್ಲಿ, ಯಾವ ತಿರುವಿನಲ್ಲಿ ಮತ್ತಿಮರದ ಬೇರು ಅಡ್ಡ ಬಂದಿದೆ, ಯಾವ ಮನೆಯ ನಾಯಿ ಕಟ್ಟಿಹಾಕದ ನಾಯಿ ಎಂಬುದೆಲ್ಲ ಕಾಲಿಗೇ ನೆನಪಿರುವಷ್ಟು ಪರಿಚಯವಾಗಬೇಕು. ಪ್ರತಿ ಜಾಗಕ್ಕೂ ಮನಸ್ಸಿನಲ್ಲೇ ಒಂದೊಂದು ಹೆಸರಿಟ್ಟುಕೊಂಡರೆ ಒಳ್ಳೆಯದು: ಬೋಳುಮರದ ಇಳಿಜಾರು, ಎರಡನೇ ಸಂಕ, ಚಿರೇಕಲ್ಲಿನ ಗುಂಡಿ. ಹೆಸರಿರುವ ಜಾಗದಲ್ಲಿ ಕತ್ತಲು ಅಷ್ಟು ದೊಡ್ಡದಾಗಿ ಬೆಳೆಯುವುದಿಲ್ಲ. ನಾನು ಒಂದು ತಿರುವಿಗೆ ‘ಹುತ್ತದ ತಿರುವು’ ಎಂದು ಹೆಸರಿಟ್ಟು ಬಹಳ ದಿನ ಪಶ್ಚಾತ್ತಾಪ ಪಟ್ಟಿದ್ದೇನೆ, ಹಾಗಾಗಿ ಹೆಸರಿಡುವಾಗ ಸ್ವಲ್ಪ ಯೋಚನೆಯಿರಲಿ.

ಯಾವುದಕ್ಕೆ ಹೆದರಬೇಕು

ಹಗಲಿನಲ್ಲಿ ಜಗಲಿಯ ಮೇಲೆ ಕೂತು, ರಾತ್ರಿ ಕಾಡಿನಲ್ಲಿ ತನಗೆ ಏನೇನಾಗಬಹುದೆಂಬ ಹೆದರಿಕೆ ಇದೆಯೋ ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಬೇಕು. ಹೆಚ್ಚಿನವರ ಹಾಳೆಯಲ್ಲಿ ಚಿರತೆ ಮೊದಲು ಬರುತ್ತದೆ, ಆಮೇಲೆ ಹಾವು, ಆಮೇಲೆ ಒಪ್ಪಿಕೊಳ್ಳಲು ನಾಚಿಕೆಯಾಗುವ ಇನ್ನೊಂದು ವಿಷಯ. ಆದರೆ ಇರುಳು ಸವಾರರಿಗೆ ಗಾಯ ಮಾಡುವ ಸಂಗತಿಗಳ ಸಾಲು ಬೇರೆಯೇ ಇದೆ. ಬೇರು, ಸಡಿಲ ಜಲ್ಲಿ, ಪಾಚಿಗಟ್ಟಿದ ಸಂಕದ ಮೇಲೆ ಜಾರಿ ಬೀಳುವುದು ಅದರಲ್ಲಿ ಮೊದಲನೆಯದು. ಎರಡನೆಯದು ತಂತಿ. ಕಾಡುಹಂದಿ ಬಾರದಿರಲೆಂದು ತೋಟ, ಗದ್ದೆಗಳಿಗೆ ಎಳೆಯುವ, ನಮ್ಮ ಕಡೆ ಐಬೆಕ್ಸ್ ಎಂದೇ ಕರೆಯುವ ಸೌರ ಬೇಲಿಯ ತಂತಿ ಹಗಲಿನಲ್ಲಿ ತೆಗೆದಿದ್ದದ್ದು ರಾತ್ರಿ ದಾರಿಗೆ ಅಡ್ಡ ಬಂದಿರಬಹುದು. ಅದರ ಹೊಡೆತ ಸಾಮಾನ್ಯವಾಗಿ ಜೀವ ತೆಗೆಯುವಂಥದ್ದಲ್ಲವಾದರೂ ವೇಗದಲ್ಲಿ ಕುತ್ತಿಗೆಗೋ ಹ್ಯಾಂಡಲ್ಲಿಗೋ ತಗುಲಿದರೆ ಸವಾರ ನೆಲ ಕಚ್ಚುವುದು ಖಂಡಿತ. ಕೆಲವರು ಕಾನೂನು ಮೀರಿ ಮನೆಯ ವಿದ್ಯುತ್ತನ್ನೇ ನೇರವಾಗಿ ಬೇಲಿಗೆ ಕೊಡುತ್ತಾರೆ. ಅದರಿಂದ ಆನೆಗಳೂ ಮನುಷ್ಯರೂ ಸತ್ತಿದ್ದಾರೆ. ಆದ್ದರಿಂದ ಗೊತ್ತಿರುವ ದಾರಿ ಬಿಟ್ಟು ತೋಟದಂಚಿಗೆ ಸರಿಯಬಾರದು, ದಣಪೆಯ ಮುಂದೆ ಇಳಿದು ಕೈದೀಪ ಹಾಯಿಸಿ ನೋಡದೆ ದಾಟಬಾರದು.

ಮೂರನೆಯದು ಗುಂಡುಸೂಜಿಯ ತಲೆಯಷ್ಟಿರುವ, ರಕ್ತ ಹೀರುವ ಉಣ್ಣೆ. ಇದು ಕಚ್ಚಿ ಹರಡುವ ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಗೊತ್ತಾಯಿತು. ಶಿವಮೊಗ್ಗ ಮತ್ತು ಉತ್ತರ ಕನ್ನಡದಲ್ಲಿ ಇಂದಿಗೂ ಹೆಚ್ಚಾಗಿ ಡಿಸೆಂಬರಿನಿಂದ ಮೇ ತಿಂಗಳವರೆಗೆ ಕಾಣಿಸಿಕೊಳ್ಳುತ್ತದೆ. ಚಿರತೆಯ ಹೆದರಿಕೆಯಿಂದ ಬೆವರುವವರು ಅದೇ ಹೊತ್ತಿನಲ್ಲಿ ದರಕಿನ ರಾಶಿಯ ಮೇಲೆ ಕಾಲು ಚಾಚಿ ಕೂತಿರುವುದನ್ನು ನೋಡಿದ್ದೇನೆ. ಆ ತಿಂಗಳುಗಳಲ್ಲಿ ಸುತ್ತಮುತ್ತ ಮಂಗ ಸತ್ತ ಸುದ್ದಿ ಬಂದರೆ ಆ ಬೆಟ್ಟದ ಕಡೆ ಹೋಗುವುದನ್ನೇ ಬಿಡಬೇಕು. ಉಳಿದಂತೆ ಉದ್ದ ತೋಳಿನ ಅಂಗಿ, ಕಾಲ್ಚೀಲದೊಳಗೆ ಸೇರಿಸಿದ ಪ್ಯಾಂಟು, ಉಣ್ಣೆ ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆಯವರು ಕೊಡುವ ಡೇಪಾ ತೈಲ ಇವು ತಪ್ಪಬಾರದು.

ನಾಚಿಕೆಯಾಗುವ ಆ ಇನ್ನೊಂದು ವಿಷಯದ ಬಗ್ಗೆಯೂ ಎರಡು ಮಾತು ಹೇಳಬೇಕು. ಚೌಡಿ, ಜಟಕ, ಭೂತಪ್ಪನ ಕಲ್ಲುಗಳಿಲ್ಲದ ದಾರಿ ನಮ್ಮಲ್ಲಿ ಇಲ್ಲ, ಕೊಳ್ಳಿದೆವ್ವದ ಕತೆ ಕೇಳದೆ ಬೆಳೆದ ಮಕ್ಕಳೂ ಇಲ್ಲ. ಓದಿದವರು ಇದನ್ನೆಲ್ಲ ನಂಬುವುದಿಲ್ಲವೆಂದು ಹಗಲಿನಲ್ಲಿ ಹೇಳುತ್ತಾರೆ. ನಂಬಿಕೆಯ ಚರ್ಚೆಯನ್ನು ರಾತ್ರಿ ಹನ್ನೊಂದಕ್ಕೆ ಕಾನಿನ ನಡುವೆ ಒಬ್ಬರೇ ನಡೆಸಿ ಮುಗಿಸಲು ಆಗುವುದಿಲ್ಲ. ಕಲ್ಲಿನ ಮುಂದೆ ಇಳಿದು ಕೈ ಮುಗಿಯಬೇಕೆನ್ನಿಸಿದರೆ ಮುಗಿದು ಹೋಗುವುದೇ ಸರಿ. ಆ ನೆಪದಲ್ಲಿ ಉಸಿರೂ ಒಂದು ಹದಕ್ಕೆ ಬರುತ್ತದೆ. ದೂರದ ಮನೆಯ ಜಗಲಿಯಿಂದ ನೋಡುವವರಿಗೆ ಬೆಟ್ಟದ ಮೇಲೆ ತೇಲಿ ಮರೆಯಾಗುವ ನಿಮ್ಮ ದೀಪವೇ ಕೊಳ್ಳಿದೆವ್ವವಾಗಿ ಕಂಡಿರುವ ಸಾಧ್ಯತೆ ಇದೆ ಎಂಬುದನ್ನೂ ನೆನಪಿಟ್ಟುಕೊಳ್ಳಬಹುದು.

ಹೆಣ್ಣುಮಕ್ಕಳ ಹಾಳೆಯಲ್ಲಿ ಮೊದಲು ಬರುವ ಹೆದರಿಕೆ ಬಹಳ ಸಲ ಪ್ರಾಣಿಯದ್ದಲ್ಲ, ಮನುಷ್ಯರದ್ದು. ಅದು ಲೆಕ್ಕ ತಪ್ಪಿದ ಹೆದರಿಕೆಯಲ್ಲ. ಉಸಿರಾಟದ ಅಭ್ಯಾಸದಿಂದ ಅದನ್ನು ಕಳೆದುಕೊಳ್ಳಿ ಎಂದು ಹೇಳುವುದು ಅನ್ಯಾಯ. ಗುರುತಿನ ಮನೆಗಳ ನಡುವಿನ ದಾರಿ, ಹಿಂದೆ ಐದು ನಿಮಿಷದ ಅಂತರದಲ್ಲಿ ಬರುವ ಇನ್ನೊಬ್ಬ ಸವಾರಳು, ಹೊರಡುವ ಹೊತ್ತನ್ನು ದಿನವೂ ಬದಲಾಯಿಸುವುದು ಇವು ಆ ಹೆದರಿಕೆಗೆ ತಕ್ಕ ಉತ್ತರಗಳು.

ದೀಪ ಮತ್ತು ಕಣ್ಣು

ಒಂದೇ ದೀಪದಲ್ಲಿ ಹೊರಡಬಾರದು. ಹ್ಯಾಂಡಲ್ಲಿಗೆ (ಬೆಳಕಿನ ಅಳತೆಯಲ್ಲಿ) 800ರಿಂದ 1000 ಲ್ಯುಮೆನ್‌ನದ್ದು, ಹೆಲ್ಮೆಟ್ಟಿಗೆ 400ರಿಂದ 500ರದ್ದು ಇರಲಿ. ಎರಡೂ ಬೇಕಾಗುವುದಕ್ಕೆ ಕಾರಣವಿದೆ. ಹೆಲ್ಮೆಟ್ಟಿನ ದೀಪ ಕಣ್ಣಿನ ಪಕ್ಕದಲ್ಲೇ ಇರುವುದರಿಂದ ಅದರ ಬೆಳಕಿನಲ್ಲಿ ಗುಂಡಿಯ ನೆರಳು ಗುಂಡಿಯ ಹಿಂದೆಯೇ ಅಡಗಿ, ನೆಲವೆಲ್ಲ ಚಪ್ಪಟೆಯಾಗಿ ಕಾಣುತ್ತದೆ. ಹ್ಯಾಂಡಲ್ಲಿನ ದೀಪ ತಗ್ಗಿನಲ್ಲಿರುವುದರಿಂದ ಪ್ರತಿ ಕಲ್ಲಿಗೂ ಬೇರಿಗೂ ನೆರಳು ಕೊಟ್ಟು ಎತ್ತರ ತಗ್ಗುಗಳನ್ನು ತೋರಿಸುತ್ತದೆ, ಆದರೆ ತಿರುವಿನಾಚೆ ನೋಡಲು ಅದಕ್ಕೆ ಬರುವುದಿಲ್ಲ. ಮಂಜು ಕವಿದಾಗ ಮಾತ್ರ ಹೆಲ್ಮೆಟ್ಟಿನ ದೀಪ ಆರಿಸಬೇಕು. ಇಲ್ಲದಿದ್ದರೆ ಬೆಳಕು ಮಂಜಿಗೆ ಬಡಿದು ನೇರವಾಗಿ ಕಣ್ಣಿಗೇ ವಾಪಸಾಗುತ್ತದೆ. ಗಂಟೆಗೆ 18 ಕಿ.ಮೀ. ಎಂದರೆ ಸೆಕೆಂಡಿಗೆ 5 ಮೀಟರ್. ಸ್ಪಷ್ಟವಾಗಿ ಕಾಣುವುದು 15 ಮೀಟರ್ ಮಾತ್ರ ಎಂದಾದರೆ, ಕಂಡದ್ದನ್ನು ಗುರುತಿಸಿ ಬ್ರೇಕ್ ಹಿಡಿದು ನಿಲ್ಲಲು ಇರುವುದು 3 ಸೆಕೆಂಡು. ಇಳಿಜಾರಿನಲ್ಲಿ ಎದೆ ಡವಗುಟ್ಟಿದರೆ ಎಷ್ಟೋ ಸಲ ಅದು ಈ ಲೆಕ್ಕವನ್ನು ಮೈ ತಾನಾಗಿ ಮಾಡಿಕೊಂಡದ್ದರ ಗುರುತು. ಅಲ್ಲಿ ಮನಸ್ಸಿಗೆ ಬುದ್ಧಿ ಹೇಳುವುದು ಬೇಡ, ವೇಗ ತಗ್ಗಿಸಿದರೆ ಮುಗಿಯಿತು.

ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂದು ಡಬ್ಬಿಯ ಮೇಲೆ ಬರೆದದ್ದನ್ನು ನಂಬದೆ, ಪೂರ್ತಿ ಚಾರ್ಜ್ ಮಾಡಿ ಮನೆಯಲ್ಲೇ ಉರಿಸಿ ಗಡಿಯಾರ ನೋಡಿ ತಿಳಿದುಕೊಳ್ಳಬೇಕು. ಆ ಹೊತ್ತಿನ ಅರ್ಧದಷ್ಟು ಮಾತ್ರ ಕಾಡಿನಲ್ಲಿ ಕಳೆಯುವುದು ಕ್ಷೇಮ. ಕಿಸೆಯಲ್ಲಿ ಮೂರನೆಯದಾಗಿ ಒಂದು ಸಣ್ಣ ಟಾರ್ಚ್ ಇದ್ದರೆ, ದೀಪ ಕೆಟ್ಟರೇನು ಗತಿ ಎಂಬ ಯೋಚನೆ ತಲೆಯಿಂದ ಇಳಿದುಹೋಗುತ್ತದೆ.

ಇನ್ನು ದೀಪವೇ ಹುಟ್ಟಿಸುವ ಹೆದರಿಕೆಯ ವಿಷಯ. ಬೆಳಕು ಹೆಚ್ಚಾದಷ್ಟೂ ಅದರ ಅಂಚಿನಾಚೆಯ ಕತ್ತಲು ಕಪ್ಪಾಗುತ್ತ ಹೋಗುತ್ತದೆ. ಪ್ರಖರ ದೀಪ ಹಿಡಿದವರಿಗೆ ಕಾಡು ಒಂದು ಸುರಂಗ. ನಮ್ಮ ಕಣ್ಣು ಕತ್ತಲಿಗೆ ಚೆನ್ನಾಗಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು, ಆ ಹೊಂದಾಣಿಕೆಯನ್ನು ಕೆಡಿಸಲು ಬಿಳಿ ಬೆಳಕಿನ ಒಂದು ಮಿಂಚು ಸಾಕು. ಹಾಗಾಗಿ ನಿಧಾನವಾಗಿ ಏರುವಾಗ ದೀಪವನ್ನು ಅತಿ ಕಡಿಮೆ ಮಟ್ಟಕ್ಕೆ ಇಳಿಸಿ, ವೇಗದ ಇಳಿಜಾರಿಗೆ ಮಾತ್ರ ಪೂರ್ತಿ ಬೆಳಕು ಬಳಸುವುದು ಒಳ್ಳೆಯದು. ಮಂದ ಬೆಳಕನ್ನು ಗ್ರಹಿಸುವ ಶಕ್ತಿ ಕಣ್ಣಿನ ನಟ್ಟನಡುವಿಗಿಂತ ಅದರ ಸುತ್ತ ಹೆಚ್ಚಿರುವುದರಿಂದ, ಕತ್ತಲಲ್ಲಿ ಏನಾದರೂ ಇದೆಯೇ ಎಂದು ನೋಡುವಾಗ ಅದನ್ನೇ ದಿಟ್ಟಿಸದೆ ಸ್ವಲ್ಪ ಪಕ್ಕಕ್ಕೆ ನೋಟ ಇಡಬೇಕು. ದಿಟ್ಟಿಸಿದಷ್ಟೂ ಆ ವಸ್ತು ಕರಗಿ, ಅಲುಗಿ, ಜೀವ ಬಂದಂತೆ ತೋರುತ್ತದೆ.

ಹೊಸಬರನ್ನು ಬೆಚ್ಚಿಬೀಳಿಸುವ ಇನ್ನೊಂದು ಸಂಗತಿ ಓಡುವ ನೆರಳು. ದೀಪ ನಿಮ್ಮೊಂದಿಗೆ ಮುಂದಕ್ಕೆ ಸಾಗಿದಂತೆ ದಾರಿಬದಿಯ ಮರಗಳ ನೆರಳುಗಳೆಲ್ಲ ತಿರುಗುತ್ತ ಹಿಂದಕ್ಕೆ ಸರಿಯುತ್ತವೆ. ಕಡೆಗಣ್ಣಿಗೆ ಅದು ಮರಗಳ ನಡುವೆ ಯಾರೋ ಜೊತೆಗೇ ಓಡಿ ಬರುತ್ತಿರುವಂತೆ ಕಾಣುತ್ತದೆ. ಪರೀಕ್ಷೆ ಸುಲಭ: ನೀವು ನಿಂತರೆ ಅದೂ ನಿಲ್ಲುತ್ತದೆ. ನಿಂತ ಮೇಲೂ ಚಲಿಸುವುದನ್ನು ಮಾತ್ರ ಲೆಕ್ಕಕ್ಕೆ ಹಿಡಿದರೆ ಸಾಕು.

ಹೊಳೆಯುವ ಕಣ್ಣುಗಳನ್ನು ಓದಲೂ ಕಲಿಯಬೇಕು. ಬಣ್ಣವನ್ನು ನೆಚ್ಚಬಾರದು, ಅದು ಬೆಳಕಿನ ಕೋನಕ್ಕೆ ತಕ್ಕಂತೆ ಬದಲಾಗುತ್ತದೆ. ಎತ್ತರ, ಎರಡು ಕಣ್ಣುಗಳ ನಡುವಿನ ಅಂತರ ಮತ್ತು ಚಲನೆ ಹೆಚ್ಚು ನಿಜ ಹೇಳುತ್ತವೆ. ನೆಲದ ತುಂಬ ಇಬ್ಬನಿಯಂತೆ ಮಿನುಗುವ ಪುಟ್ಟ ಚುಕ್ಕಿಗಳು ಜೇಡಗಳ ಕಣ್ಣು. ದಾರಿಯ ನಡುವೆ ಕೆಂಡದಂತೆ ಒಂದೇ ಚುಕ್ಕಿ ಹೊಳೆದು, ಹತ್ತಿರ ಹೋದಾಗ ಸದ್ದಿಲ್ಲದೆ ಮೇಲೆದ್ದರೆ ಅದು ನತ್ತಿಂಗ ಹಕ್ಕಿ. ಮರದ ಮೇಲೆ ನಿಧಾನವಾಗಿ ಜರುಗುವ ಜೋಡಿ ಕಣ್ಣು ಪುನುಗುಬೆಕ್ಕಿನದೋ ಕಾಡುಪಾಪದ್ದೋ ಇರುತ್ತದೆ. ಸೊಂಟದೆತ್ತರದಲ್ಲಿ ಅಗಲವಾಗಿ, ಅಲುಗದೆ ಹೊಳೆಯುವ ಕಣ್ಣುಗಳು ಬಹುಪಾಲು ಕೊಟ್ಟಿಗೆಗೆ ಮರಳದ ಯಾರದ್ದೋ ಎಮ್ಮೆಯದಾಗಿರುತ್ತವೆ, ಕೆಲವು ಸಲ ಕಾಟಿಯದು (ಕಾಡುಕೋಣದ್ದು). ಇವೆರಡರ ನಡುವಿನ ವ್ಯತ್ಯಾಸ ಖಚಿತವಾಗುವವರೆಗೆ ಮುಂದೆ ಹೋಗಬಾರದು.

ಸದ್ದುಗಳ ಲೆಕ್ಕ

ಒಣಗಿದ ದರಕು ಕಾಡಿನ ಧ್ವನಿವರ್ಧಕ. ಓತಿಕ್ಯಾತ ಸರಿದರೂ ನಾಯಿ ನಡೆದಂತೆ ಕೇಳುತ್ತದೆ, ಇಲಿ ಓಡಿದರೆ ಹಂದಿ ಬಂದಂತೆ. ದೊಡ್ಡ ಪ್ರಾಣಿಯ ನಡಿಗೆಗೆ ಒಂದು ತೂಕವೂ ಬಿಡುವೂ ಇರುತ್ತವೆ, ಜೊತೆಗೆ ಕಡ್ಡಿ ಮುರಿಯುವ ಸದ್ದು; ಸಣ್ಣವು ಒಂದೇ ಸಮನೆ ಸರಸರ ಎನ್ನುತ್ತವೆ. ಬಾವಲಿ ತಿಂದು ಬೀಳಿಸುವ ಹಣ್ಣು, ಅಡಿಕೆಯ ಹಾಳೆ ಕಳಚಿ ನೆಲಕ್ಕೆ ಬಡಿಯುವ ದೊಪ್ಪೆಂಬ ಸದ್ದು, ತೇವ ತಗುಲಿದ ಡಿಸ್ಕ್ ಬ್ರೇಕಿನ ಕಿರುಚಾಟ, ತುಳಿಯುವುದನ್ನು ನಿಲ್ಲಿಸಿದಾಗ ಫ್ರೀವೀಲ್ ಮಾಡುವ ಟಿಕಟಿಕ ಇವುಗಳಿಗೆಲ್ಲ ಒಂದೊಂದು ಸಲ ಬೆಚ್ಚಿದ ಮೇಲೆ ಎರಡನೆಯ ಸಲ ಬೆಚ್ಚಬೇಕಾಗಿಲ್ಲ. ಚಕ್ಕು ಚಕ್ಕು ಎಂದು ಎಡೆಬಿಡದೆ ಕೇಳುವುದು ನತ್ತಿಂಗ. ದೊಡ್ಡ ಗೂಬೆಗಳಲ್ಲಿ ಒಂದು ಜಾತಿಯ ಕೂಗು ಹೆಂಗಸು ಗೋಳಿಟ್ಟಂತೆಯೇ ಇರುತ್ತದೆ; ಹಳ್ಳಿಗಳ ಎಷ್ಟೋ ಮೋಹಿನಿಯರ ಕತೆಗಳಿಗೆ ಆ ಹಕ್ಕಿಯೇ ಮೂಲವಿರಬೇಕೆಂದು ನನ್ನ ಗುಮಾನಿ.

ಲಘುವಾಗಿ ಕಾಣಬಾರದ ಸದ್ದೆಂದರೆ ಜಿಂಕೆಯ ಜಾತಿಯ ಕಾಡುಕುರಿಯ ಬೊಗಳು. ನಾಯಿಯದರಂತೆಯೇ ಇದ್ದರೂ ಅದು ಒಂದೊಂದೇ ಆಗಿ, ನಡುವೆ ಬಿಡುವಿಟ್ಟು, ಬಹಳ ಹೊತ್ತು ಮುಂದುವರಿಯುತ್ತದೆ. ಚಿರತೆಯಂಥ ಬೇಟೆಗಾರ ಪ್ರಾಣಿಯ ಸುಳಿವು ಸಿಕ್ಕಾಗ ಅದು ಹೀಗೆ ಕೂಗುವುದುಂಟು. ಅದು ಮುಂದಿನಿಂದ ಕೇಳಿಬಂದರೆ ಆ ರಾತ್ರಿಯ ಸುತ್ತು ಅಲ್ಲಿಗೇ ಮುಗಿಯಿತೆಂದು ತಿಳಿದು ಹಿಂದಿರುಗಬೇಕು. ಸದಾ ಕೂಗುತ್ತಿದ್ದ ಜೀರುಂಡೆಗಳು ತಟ್ಟನೆ ನಿಂತವೆಂದು ಗಾಬರಿಯಾಗುವವರೂ ಇದ್ದಾರೆ. ಹೆಚ್ಚಿನ ಸಲ ಅವು ಸುಮ್ಮನಾಗುವುದು ನಿಮ್ಮ ಬರವಿನಿಂದಲೇ.

ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಹೆದರಿಕೆ ಮರೆಯುವ ಉಪಾಯ ಕೂಡದು. ಹಾಡು ಬೇಕಾದರೆ ಬಾಯಿಬಿಟ್ಟೇ ಹಾಡಬೇಕು. ಹಿಂದೆ ಯಕ್ಷಗಾನ ಮುಗಿಸಿ ಸೂಡಿಯ (ಒಣಗರಿಯ ದೊಂದಿಯ) ಬೆಳಕಿನಲ್ಲಿ ಮನೆಗೆ ಮರಳುತ್ತಿದ್ದವರು ದಾರಿಯುದ್ದಕ್ಕೂ ಪದ ಹೇಳುತ್ತ, ಒಬ್ಬರೇ ಇದ್ದರೆ ದೊಡ್ಡದಾಗಿ ಕೆಮ್ಮುತ್ತ ಬರುತ್ತಿದ್ದರು. ಅದರಲ್ಲಿ ಎರಡು ಲಾಭವಿದೆ: ಹಂದಿ, ಕರಡಿ, ಕಾಟಿಗಳಿಗೆ ಮನುಷ್ಯ ಬರುತ್ತಿರುವುದು ದೂರದಿಂದಲೇ ತಿಳಿದು ದಾರಿ ಬಿಡುತ್ತವೆ, ಹಾಡುವವರ ಉಸಿರೂ ಉದ್ದವಾಗುತ್ತದೆ.

ಮೈ ಬಿಗಿದಾಗ

ಹೆದರಿದ ಮೈಯಲ್ಲಿ ಅಡ್ರಿನಲಿನ್ ಏರಿ ಎದೆಬಡಿತ ಹೆಚ್ಚುತ್ತದೆ, ಮೊಣಕೈ ಬಿಗಿಯುತ್ತದೆ, ನೋಟ ಮುಂದಿನ ಚಕ್ರಕ್ಕೆ ಅಂಟಿಕೊಳ್ಳುತ್ತದೆ. ಗುಡ್ಡದ ಸೈಕಲ್ಲಿಗೆ ಈ ಮೂರೂ ವಿಷ. ಬಿಗಿದ ಕೈಗಳು ಪ್ರತಿ ಕಲ್ಲಿನ ಕುಲುಕನ್ನೂ ನೇರ ಭುಜಕ್ಕೆ ಕಳಿಸುತ್ತವೆ, ಮುಂದಿನ ಬ್ರೇಕನ್ನು ಬೇಡದಷ್ಟು ಹಿಡಿಯುತ್ತವೆ. ಯಾವ ಕಲ್ಲಿಗೆ ಹೆದರಿ ಕಣ್ಣು ನೆಟ್ಟಿರುತ್ತೀರೋ ಸೈಕಲ್ ಅದರ ಮೇಲೆಯೇ ಹೋಗುತ್ತದೆ. ಪೆಡಲುಗಳನ್ನು ಸಮಮಟ್ಟಕ್ಕೆ ತಂದು, ಹಿಮ್ಮಡಿ ಸ್ವಲ್ಪ ಇಳಿಸಿ, ಮೊಣಕೈಗಳನ್ನು ಹೊರಕ್ಕೆ ಬಾಗಿಸಿ, ಹಿಡಿಯ ಮೇಲಿನ ಬೆರಳುಗಳನ್ನು ಕೊಳಲು ನುಡಿಸುವವರಂತೆ ಒಂದೆರಡು ಸಲ ಆಡಿಸಬೇಕು. ಬೆರಳು ಆಡಿದರೆ ಮುಷ್ಟಿ ಬಿಗಿದಿರಲು ಆಗುವುದಿಲ್ಲ. ನೋಟ ಹೋಗಬೇಕಾದ ದಾರಿಯ ಮೇಲಿರಲಿ, ತಪ್ಪಿಸಬೇಕಾದ ಕಲ್ಲಿನ ಮೇಲಲ್ಲ.

ಉಸಿರನ್ನು ನಾಲ್ಕು ಎಣಿಸುವಷ್ಟು ಹೊತ್ತು ಒಳಗೆ ತೆಗೆದುಕೊಂಡು ಏಳೆಂಟು ಎಣಿಸುವಷ್ಟು ಹೊತ್ತು ಹೊರಗೆ ಬಿಟ್ಟರೆ ಎದೆಬಡಿತ ಇಳಿಯುತ್ತದೆ; ಹೊರಬಿಡುವ ಉಸಿರು ಉದ್ದವಾಗಿರುವುದೇ ಇಲ್ಲಿ ಮುಖ್ಯ. ಐದಾರು ಉಸಿರು ಹೀಗೆ ಆದ ಮೇಲೆ ಮೂರು ಪ್ರಶ್ನೆಗಳನ್ನು ಗಟ್ಟಿಯಾಗಿ, ಮಾತಿನಲ್ಲೇ ಕೇಳಿಕೊಳ್ಳಬೇಕು. ಏನು ಕಂಡಿತು, ಅಥವಾ ಕೇಳಿತು? ಯಾವ ದಿಕ್ಕಿನಿಂದ? ಹತ್ತಿರ ಬರುತ್ತಿದೆಯೇ? ‘ಎಡಗಡೆ ದರೆಯ ಮೇಲೆ ಕಡ್ಡಿ ಮುರಿಯಿತು, ಎರಡನೆಯ ಸಲ ಹತ್ತಿರದಲ್ಲಿ’ ಎಂಬಂಥ ಉತ್ತರ ಬಂದರೆ ಅದು ಸುದ್ದಿ, ಅದಕ್ಕೆ ತಕ್ಕಂತೆ ಹಿಂದೆ ಸರಿಯಬೇಕು. ‘ಏನೋ ಇದೆ ಅನ್ನಿಸಿತು’ ಎಂಬುದಷ್ಟೇ ಉತ್ತರವಾದರೆ ಇನ್ನೆರಡು ನಿಮಿಷ ಅಲ್ಲಿಯೇ ನಿಲ್ಲಬೇಕು. ಆಮೇಲೂ ಮನಸ್ಸು ಒಪ್ಪದಿದ್ದರೆ ಹಿಂದಿರುಗುವುದರಲ್ಲಿ ಅವಮಾನವೇನಿಲ್ಲ, ಆದರೆ ನಡಿಗೆಯ ವೇಗದಲ್ಲೇ ಹಿಂದಿರುಗಬೇಕು.

ಒಂದೊಂದೇ ರಾತ್ರಿ

ಅಭ್ಯಾಸಕ್ಕೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಒಳ್ಳೆಯ ಕಾಲ. ಮಳೆ ನಿಂತಿರುತ್ತದೆ, ಇಂಬಳಗಳು (ಜಿಗಣೆಗಳು) ಕಡಿಮೆಯಾಗಿರುತ್ತವೆ, ಮಂಗನ ಕಾಯಿಲೆಯ ತಿಂಗಳುಗಳು ಇನ್ನೂ ಬಂದಿರುವುದಿಲ್ಲ. ಪಂಚಾಂಗ ನೋಡಿ ಶುಕ್ಲಪಕ್ಷದ ದಶಮಿಯಿಂದ ಹುಣ್ಣಿಮೆಯವರೆಗಿನ ದಿನಗಳನ್ನು ಆರಿಸಿಕೊಂಡರೆ ಕತ್ತಲಾಗುವ ಹೊತ್ತಿಗೇ ಚಂದ್ರನಿರುತ್ತಾನೆ. ಹುಣ್ಣಿಮೆ ಕಳೆದ ಮೇಲೆ ಅವನು ದಿನಕ್ಕೆ ಸುಮಾರು 50 ನಿಮಿಷ ತಡವಾಗಿ ಬರುವುದರಿಂದ ಸಂಜೆಯೆಲ್ಲ ಕತ್ತಲು. ಕಾನಿನೊಳಗೆ ಬೆಳದಿಂಗಳು ಹರಕು ಹರಕಾಗಿ ಬಿದ್ದು ಬಿಳಿ ಬಟ್ಟೆ ಹಾಸಿದಂತೆ ಕಾಣುವುದಕ್ಕೂ ಸಿದ್ಧರಿರಬೇಕು.

ಮೊದಲ ಎರಡು ಮೂರು ಸಲ ಗೆಳೆಯರೊಬ್ಬರ ಜೊತೆ, ಸೂರ್ಯ ಮುಳುಗುವ ಮೊದಲೇ ಹೊರಟು, ಕತ್ತಲನ್ನು ದಾರಿಯಲ್ಲೇ ಎದುರುಗೊಳ್ಳಬೇಕು. ಮನೆಯ ಬೆಳಕಿನಿಂದ ನೇರ ಕತ್ತಲಿಗೆ ಇಳಿಯುವುದಕ್ಕಿಂತ ಇದು ಎಷ್ಟೋ ಮೇಲು. ಅನಂತರ ಗೆಳೆಯರು ಅರ್ಧ ಕಿ.ಮೀ. ಹಿಂದಿರಲಿ, ಅದರ ಮುಂದಿನ ಸಲ ದಾರಿಯ ಕೊನೆಯ ಮನೆಯಲ್ಲಿ ಚಹಾ ಕುಡಿಯುತ್ತ ಕಾಯಲಿ. ಪೂರ್ತಿ ಒಬ್ಬರೇ ಆಗುವುದು ಐದನೆಯದೋ ಆರನೆಯದೋ ರಾತ್ರಿ. ಆ ರಾತ್ರಿಯಿಂದ ಒಂದು ಕೆಲಸ ಸೇರಿಸಿಕೊಳ್ಳಬೇಕು: ಗುರುತಿನ ಜಾಗವೊಂದರಲ್ಲಿ ನಿಂತು, ನೆಲವನ್ನು ಚೆನ್ನಾಗಿ ನೋಡಿ, ದೀಪ ಆರಿಸಿ ಐದು ನಿಮಿಷ ಸುಮ್ಮನಿರುವುದು. ಮೊದಲ ನಿಮಿಷ ಅಸಹನೀಯ, ಎರಡನೆಯದು ಇನ್ನೂ ಕೆಟ್ಟದ್ದು. ನಾಲ್ಕನೆಯ ನಿಮಿಷಕ್ಕೆ ಮರಗಳ ನಡುವೆ ಆಕಾಶ ಕಾಣತೊಡಗುತ್ತದೆ. ಹೆದರಿಕೆಯ ಅಲೆ ಏರಿದಾಗಲೇ ಓಡಿ ಬಂದರೆ, ಓಡಿದ್ದರಿಂದ ಬದುಕಿದೆನೆಂದು ಮನಸ್ಸು ಲೆಕ್ಕ ಬರೆದುಕೊಂಡು ಮುಂದಿನ ಸಲ ಇನ್ನೂ ಬೇಗ ಓಡಿಸುತ್ತದೆ. ಅಲೆ ತಾನಾಗಿ ಇಳಿಯುವುದನ್ನು ಒಮ್ಮೆ ಅಲ್ಲಿಯೇ ನಿಂತು ನೋಡಿದವರಿಗೆ ಎರಡನೆಯ ಸಲ ಅದರ ಎತ್ತರ ಕಡಿಮೆ. ಸುದ್ದಿಯೆಂದು ಮೇಲೆ ಹೇಳಿದ ಎಚ್ಚರಿಕೆಗಳಿಗೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ.

ಎದುರಾದರೆ

ನಾಯಿ ಅಟ್ಟಿಸಿಕೊಂಡು ಬಂದರೆ ಸೈಕಲ್ ಜೋರಾಗಿ ತುಳಿದು ತಪ್ಪಿಸಿಕೊಳ್ಳಲು ನೋಡಬೇಡಿ. ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ಗದರಿದರೆ ಹೆಚ್ಚಿನವು ಅಲ್ಲಿಗೇ ನಿಲ್ಲುತ್ತವೆ. ಕಚ್ಚಿದರೆ ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ಲಸಿಕೆ ಹಾಕಿಸಿಕೊಳ್ಳಬೇಕು. ಕಾಟಿ ಕಂಡರೆ ದೀಪವನ್ನು ಅದರ ಕಣ್ಣಿಗೆ ಹಿಡಿಯದೆ ತಗ್ಗಿಸಿ, ಬಂದ ದಾರಿಯಲ್ಲೇ ಮೆಲ್ಲನೆ ಹಿಂದೆ ಸರಿದು ಕಾಯಬೇಕು. ಪಕ್ಕದಿಂದ ನುಗ್ಗಿ ಹೋಗುವ ಯೋಚನೆಯೇ ಬೇಡ. ಚಿರತೆ ಕಂಡದ್ದೇ ಆದರೆ ಅದು ಸಾಮಾನ್ಯವಾಗಿ ಕಣ್ಮರೆಯಾಗುವಷ್ಟು ಹೊತ್ತು ಮಾತ್ರ. ಹಾಗಾಗದಿದ್ದರೆ ಬೆನ್ನು ತೋರಿಸಿ ತುಳಿಯಬಾರದು, ಬಗ್ಗಬಾರದು. ಸೈಕಲ್ಲನ್ನು ಮುಂದಿಟ್ಟುಕೊಂಡು ನೆಟ್ಟಗೆ ನಿಂತು ಗಟ್ಟಿಯಾಗಿ ಮಾತನಾಡುತ್ತ ಹಿಂದೆ ಹಿಂದೆ ನಡೆಯಬೇಕು.

ಕೊಳಕುಮಂಡಲ, ಕಟ್ಟುಹಾವುಗಳು ಇರುಳಿನಲ್ಲೇ ಓಡಾಡುವುದರಿಂದ ಕಾಲು ಕೆಳಗಿಡುವ ಮೊದಲು ಬೆಳಕು ಕೆಳಗಿಡುವುದು ರೂಢಿಯಾಗಬೇಕು. ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿಯಾಗಿ ಕಟ್ಟುವುದು ಯಾವುದೂ ಬೇಡ. ಕಚ್ಚಿದ ಕೈಕಾಲನ್ನು ಅಲುಗಿಸದೆ, ಪ್ರತಿವಿಷ ಇರುವ ಆಸ್ಪತ್ರೆಗೆ ಬೇಗ ತಲುಪಬೇಕು. ತುಳಿದುಕೊಂಡು ಹೋಗಬಾರದು. ಯಾರಾದರೂ ಬಂದು ಒಯ್ಯಬೇಕು, ಅಂದರೆ ನೀವು ಎಲ್ಲಿರುವಿರೆಂದು ಯಾರಿಗಾದರೂ ಗೊತ್ತಿರಬೇಕು.

ಹೇಳಿ ಹೊರಡುವುದು

ಈ ಕಣಿವೆಗಳಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವ ಜಾಗಗಳೇ ಕಡಿಮೆ. 112, 108 ಸಂಖ್ಯೆಗಳು ನೆನಪಿದ್ದರೆ ಸಾಲದು, ಸಿಗ್ನಲ್ ಸಿಗುವ ಗುಡ್ಡದ ತಲೆಗಳನ್ನೂ ಹಗಲಿನಲ್ಲೇ ಗುರುತಿಸಿಟ್ಟಿರಬೇಕು. ಅಮೆರಿಕ, ಯುರೋಪುಗಳಿಂದ ರಜೆಗೆ ಬರುವ ನಮ್ಮವರು ಅಲ್ಲಿ ಬಳಸುವ ಉಪಗ್ರಹ ಸಂದೇಶ ಸಾಧನಗಳನ್ನು ಇಲ್ಲಿಗೂ ತರುವ ಯೋಚನೆ ಮಾಡುತ್ತಾರೆ. ಪರವಾನಗಿಯಿಲ್ಲದೆ ಅವನ್ನು ಭಾರತದಲ್ಲಿ ಇಟ್ಟುಕೊಳ್ಳುವುದು ಅಪರಾಧ, ವಿಮಾನ ನಿಲ್ದಾಣದಲ್ಲೇ ಸಿಕ್ಕಿಬಿದ್ದವರಿದ್ದಾರೆ. ಎಲ್ಲಕ್ಕಿಂತ ನಂಬಿಕೆಯ ವ್ಯವಸ್ಥೆ ಹಳೆಯದೇ: ಯಾವ ದಾರಿ, ಎಷ್ಟು ಹೊತ್ತಿಗೆ ವಾಪಸು, ಎಷ್ಟು ಹೊತ್ತಾದರೆ ಹುಡುಕಿ ಬರಬೇಕು ಎಂಬ ಮೂರನ್ನೂ ಮನೆಯವರಿಗೆ ಬರೆದುಕೊಟ್ಟು ಹೊರಡುವುದು. ಎಷ್ಟು ಬ್ಯಾಟರಿ ಉಳಿದಾಗ, ಯಾವ ಸದ್ದು ಕೇಳಿದಾಗ, ಮಂಜು ಎಷ್ಟು ಕವಿದಾಗ ಹಿಂದಿರುಗಬೇಕೆಂಬುದನ್ನೂ ಅದೇ ಚೀಟಿಯಲ್ಲಿ ಬರೆದಿಟ್ಟರೆ, ಕಾಡಿನಲ್ಲಿ ಹುಮ್ಮಸ್ಸಿನಿಂದಲೋ ಗಾಬರಿಯಿಂದಲೋ ಹೊಸ ತೀರ್ಮಾನ ಮಾಡುವ ಪ್ರಸಂಗ ಬರುವುದಿಲ್ಲ.

ದಾರಿಯ ಮನೆಗಳಿಗೂ ಮುಂಚಿತವಾಗಿ ತಿಳಿಸಬೇಕು. ಅಡಿಕೆ ಕೊಯ್ಲಿನ ದಿನಗಳಲ್ಲಿ ರಾತ್ರಿ ತೋಟದ ಪಕ್ಕ ಒಂಟಿ ದೀಪ ಚಲಿಸಿದರೆ ಅಡಿಕೆ ಕಳ್ಳನೆಂದೇ ಜನ ತಿಳಿಯುತ್ತಾರೆ. ಒಮ್ಮೆ ನಾಲ್ಕು ಜನ ದೊಣ್ಣೆ ಹಿಡಿದು ದಣಪೆಯ ಬಳಿ ನನಗಾಗಿ ಕಾದಿದ್ದರು, ಹೆಲ್ಮೆಟ್ ತೆಗೆದ ಮೇಲೆ ಗುರುತು ಹಿಡಿದು ಕಷಾಯ ಕೊಟ್ಟು ಕಳಿಸಿದರು. ಕದ್ದು ಈಡಿಗೆ (ಬೇಟೆಗೆ) ಬರುವವರ ಬಂದೂಕಿನ ಮುಂದೆ ಆ ಅದೃಷ್ಟ ಇರಲಾರದು. ಗುಂಡಿನ ಸದ್ದು ಕೇಳಿದರೆ ದೀಪಗಳನ್ನೆಲ್ಲ ಪೂರ್ತಿ ಉರಿಸಿ, ಮನುಷ್ಯರ ದನಿ ಎಂದು ತಿಳಿಯುವಂತೆ ಕೂಗಿಕೊಂಡೇ ವಾಪಸಾಗಬೇಕು.

ಮನೆ ತಲುಪಿದ ಮೇಲೆ ಬಟ್ಟೆಗಳನ್ನು ಹೊರಗೇ ಬಿಚ್ಚಿ ಬಿಸಿನೀರಿಗೆ ಹಾಕಿ, ಬಿಸಿನೀರಿನ ಸ್ನಾನ ಮಾಡುತ್ತ ಕಂಕುಳು, ತೊಡೆಸಂದು, ಕಿವಿಯ ಹಿಂಭಾಗಗಳಲ್ಲಿ ಉಣ್ಣೆ ಕಚ್ಚಿದೆಯೇ ಎಂದು ನೋಡಿಕೊಳ್ಳಬೇಕು. ದೀಪಗಳನ್ನು ಚಾರ್ಜಿಗೆ ಹಾಕಿ, ಎಲ್ಲಿ ಬೆಚ್ಚಿದಿರಿ ಮತ್ತು ಅದು ಏನಾಗಿತ್ತು ಎಂಬುದನ್ನು ಒಂದೆರಡು ಸಾಲಿನಲ್ಲಿ ಬರೆದಿಡಬೇಕು. ಏನೆಂದು ತಿಳಿಯದೆ ಉಳಿದದ್ದರ ಜಾಗವನ್ನು ಮರುದಿನ ಬೆಳಿಗ್ಗೆಯೇ ಹೋಗಿ ನೋಡಿ ಬರಬೇಕು. ನನ್ನ ಹುತ್ತದ ತಿರುವಿನಲ್ಲಿ ಮೂರು ರಾತ್ರಿ ನನ್ನನ್ನು ಹಿಂಬಾಲಿಸಿದ್ದು ಬಗನಿ ಮರಕ್ಕೆ ಸಿಕ್ಕಿಕೊಂಡು ಗಾಳಿಗೆ ಪಟಪಟಿಸುತ್ತಿದ್ದ ಒಂದು ಗೊಬ್ಬರದ ಚೀಲವಾಗಿತ್ತು.